ನಾಯಿ ಹಿಡ್ಕೊಳ್ಳಿ

ನಮ್ಮಲ್ಲಿ ಡೇರೆಗೆ ಬರುವವರು ಬಾಗಿಲು ತಟ್ಟುವುದಿಲ್ಲ.
ದೂರದಲ್ಲೇ ನಿಂತು ಕೂಗುತ್ತಾರೆ: ನೊಹೊಯ್ ಹೋರ್!
ನಾಯಿ ಹಿಡ್ಕೊಳ್ಳಿ.
ನಾಯಿ ಇಲ್ಲದ ಮನೆಗೂ ಹಾಗೇ ಕೂಗುವುದು ವಾಡಿಕೆ.

ಮೊಮ್ಮಗಳ ಮೈಯಲ್ಲಿ ಈಗ ನಾಯಿಗಳಿಲ್ಲ.
ತೋಳಕ್ಕೆಂದು ಇಟ್ಟ ವಿಷವನ್ನು ಅವೂ ತಿಂದವು.
ಡಾಕ್ಟರು ಹಾಗೆ ಹೇಳಲಿಲ್ಲ. ಬಿಳಿ ಕಣ ಎಂದರು,
ಸಾವಿರಾರು ಇರಬೇಕಾದಲ್ಲಿ ನೂರಾ ಎಂಬತ್ತು ಎಂದರು,
ಚೀಟಿಯ ಹಿಂದೆ ಬರೆದು ತೋರಿಸಿದರು.
ಕುರಿ ಎಣಿಸುತ್ತಲೇ ಮುದುಕನಾದವನು ನಾನು,
ಲೆಕ್ಕ ಅರ್ಥವಾಯಿತು.

ಇನ್ನು ಗಾಯವಾದರೆ ಕೆಂಪಾಗುವುದಿಲ್ಲ, ಊದುವುದಿಲ್ಲ, ಕೀವಿಲ್ಲ.
ಬೊಗಳಲು ಯಾರಿದ್ದಾರೆ?
ಜ್ವರವೊಂದೇ ಸುದ್ದಿ.
ಮೂವತ್ತೆಂಟು ದಾಟಿದರೆ ಬೆಳಗಾಗಲೆಂದು ಕಾಯಬೇಡಿ,
ಮಾತ್ರೆ ಕೊಟ್ಟು ಅದರ ಬಾಯಿ ಮುಚ್ಚಿಸಬೇಡಿ,
ಬನ್ನಿ.

ಆ ರಾತ್ರಿ ಗೂಟಕ್ಕೆ ಕಟ್ಟಿದ ಮಾಪಕ ಸೊನ್ನೆಯ ಕೆಳಗೆ ಮೂವತ್ತನಾಲ್ಕು,
ಕಂಕುಳಿನದು ಮೂವತ್ತೆಂಟು ಪಾಯಿಂಟ್ ಆರು.
ನಡುವೆ ಬರೀ ಒಂದು ಪದರ ಉಣ್ಣೆ.
ನೆರೆಯ ದಂಬಾ ಕಾರಿನ ಹೊಟ್ಟೆಯಡಿ ಕೆಂಡದ ಬಾಣಲೆ ಇಟ್ಟು
ಎಂಜಿನ್ನಿಗೆ ಜೀವ ಬರಿಸಿದ.
ಹದಿನೆಂಟು ನಿಮಿಷ. ಎಣಿಸಿದೆ.
ಆಸ್ಪತ್ರೆಯ ಬಾಗಿಲಿನಿಂದ ಮೊದಲ ಹನಿಯವರೆಗೆ ಒಂದು ಗಂಟೆ, ಅಷ್ಟರೊಳಗೆ, ಎಂದಿದ್ದರು.
ಬಾಗಿಲವರೆಗಿನ ಗಂಟೆಗಳ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.
ನನ್ನ ಮುದುಕಿ ಮಗುವಿನ ಹಣೆಗೆ ಒಲೆಯ ಮಸಿ ಬಳಿದಳು,
ಕತ್ತಲಲ್ಲಿರುವುದು ನೋಡಿ ಮೊಲವೆಂದುಕೊಳ್ಳಲಿ ಎಂದು.

ನರ್ಸ್ ಉರಾಂಚಿಮೆಗ್ ಹೆಸರು ಕೇಳಿದಳು.
ಎನೆಬಿಷ್.
ಅಂದರೆ, ‘ಇದಲ್ಲ’.
ಇದಕ್ಕೂ ಮುಂಚೆ ಎರಡು ಮಣ್ಣಿಗೆ ಹೋದವು,
ಹುಡುಕಿಕೊಂಡು ಬಂದದ್ದು ಮೋಸಹೋಗಿ ಮುಂದಿನ ಮನೆಗೆ
ಅಲ್ಲ, ಯಾರ ಮನೆಗೂ ಬೇಡ,
ಸುಮ್ಮನೆ ಹೋಗಲೆಂದು ಇಟ್ಟ ಹೆಸರು.
ಕೈಪಟ್ಟಿಯ ಮೇಲೆ ಬರೆದಳು:
ಇದಲ್ಲ, ಆರು ವರ್ಷ, ಹದಿನಾರು ಕೆಜಿ.

ಎದೆಯ ನಳಿಕೆಯ ಬಾಯಿ ಒರೆಸಿದಳು, ಎರಡು ಸೀಸೆ ರಕ್ತ ತೆಗೆದಳು.
ಒಳಗೆ ನುಗ್ಗಿದವನು ಯಾರೆಂದು ಆ ಸೀಸೆ ಹೇಳಲು ಎರಡು ದಿನವಂತೆ.
ಅಲ್ಲಿಯವರೆಗೆ ಕಾಯುವುದಿಲ್ಲ, ಅಜ್ಜ, ಎಂದಳು.
ಸರಿ ತಾನೆ, ಬಂದವನ ಕುಲಗೋತ್ರ ಕೇಳುತ್ತ ಕೂತರೆ
ಮಂದೆ ಉಳಿಯುತ್ತದೆಯೇ?
ಒದ್ದೆ ಹತ್ತಿ ಹಿಡಿದ ಅವಳ ಕೈ ಮುಖವೆಲ್ಲ ಒರೆಸಿ
ಮಸಿಯ ಹತ್ತಿರ ಬಂದಾಗ
ಸುತ್ತು ಹಾಕಿಕೊಂಡು ಹೋಯಿತು.

ನಲವತ್ತೊಂದನೇ ನಿಮಿಷಕ್ಕೆ ಔಷಧಿ ಹನಿಯಿತು.
ಎರವಲು ನಾಯಿಗಳು, ಅಂದುಕೊಂಡೆ,
ಪಕ್ಕದ ಹಟ್ಟಿಯವು, ನಮ್ಮ ಮಗುವಿನ ವಾಸನೆ ಗೊತ್ತಿಲ್ಲದವು.
ಸ್ವಂತ ಮರಿಗಳು ಮೂಳೆಯೊಳಗೆ ಕಣ್ಣು ಬಿಡುವ ತನಕ
ಎಂಟೆಂಟು ಗಂಟೆಗೊಮ್ಮೆ ಕಾವಲಿಗೆ ಬಂದು ಹೋಗಲಿ.

ಮೂರನೆಯ ದಿನವೂ ಇಳಿಯಲಿಲ್ಲ, ಔಷಧಿ ಬದಲಾಯಿಸಿದರು.
ಪಕ್ಕದ ಮಂಚ ಖಾಲಿಯಾಗಿತ್ತು. ಯಾಕೆಂದು ಕೇಳಲಿಲ್ಲ.
ದಿನಾ ವಾರ್ಡಿನ ಬಾಗಿಲಲ್ಲಿ ಮೊಣಕೈವರೆಗೆ ತೊಳೆದು
ಮೂಗುಬಾಯಿಗೆ ಬಟ್ಟೆ ಕಟ್ಟಿ
ಕೂಗುತ್ತೇನೆ, ಮೆಲ್ಲಗೆ: ನೊಹೊಯ್ ಹೋರ್.

ಐದನೆಯ ದಿನ ಒಳಗಿಂದ,
ಕಂಬಳಿಯ ಅಡಿಯಿಂದ,
ಮುಂದಿನ ಹಲ್ಲು ಬಿದ್ದ ಬಾಯಲ್ಲಿ ಯಾರೋ
ಒಂದೇ ಸಲ
ಬೊಗಳಿದರು.