ಕೆಳಗಿನ ಪೈಪು

ಜಕ್ಕನಹಳ್ಳಿ ಕ್ರಾಸು ದಾಟುವ ತನಕ
ಮ್ಯಾಟಡೋರು ನನ್ನ ಮಾತು ಕೇಳುತ್ತದೆ.
ಹಿಂದೆ ಮುನ್ನೂರು ತಟ್ಟೆ, ನಾಲ್ಕು ಕೊಪ್ಪರಿಗೆ,
ಸೌಟು, ಜಾಲರಿ, ಮಡಿಚಿದ ಮೇಜು,
ಅವುಗಳ ನಡುವೆ ತೂಕಡಿಸುವ ಅಡಿಗೆ ಪದ್ದಣ್ಣ.
ಮುಂದೆ ಮೇಲುಕೋಟೆಯ ಏರು.
ಮೂರನೇ ತಿರುವಿಗೆ ಮುಳ್ಳು ಏಳುತ್ತದೆ,
ಹೆಸರು ಕೂಗದಿದ್ದರೂ ಎದ್ದು ನಿಲ್ಲುವ ಸಾಕ್ಷಿಯ ಹಾಗೆ.

ನಿಲ್ಲಿಸುತ್ತೇನೆ. ಹಿಂದಿನ ಚಕ್ರಕ್ಕೆ ಕಲ್ಲು.
ಒದ್ದೆ ಗೋಣಿ ಮಡಿಸಿ ಕ್ಯಾಪಿನ ಮೇಲಿಟ್ಟು
ಕಾಲು ಸುತ್ತು ತಿರುಗಿಸಿ, ಮುಖ ಆಚೆಗೆ.
‘ಒಗ್ಗರಣೆ ಬಿತ್ತು’ ಅನ್ನುತ್ತಾನೆ ಪದ್ದಣ್ಣ.
ಬೆಳಗಿನ ನಾಲ್ಕೂ ಮುಕ್ಕಾಲು, ಮೈ ನಡುಗುವ ಚಳಿ.
ಕೊಪ್ಪರಿಗೆ ಕಾಯಬೇಕಾದ ಹೊತ್ತಿಗೆ
ಕೊಪ್ಪರಿಗೆ ಹೊತ್ತದ್ದು ಕಾಯುತ್ತಿದೆ,
ಮದುವೆ ಮನೆಯೂ ಕಾಯುತ್ತಿದೆ.

ಎರಡು ವರ್ಷದಲ್ಲಿ ಏನೇನು ಬದಲಾಯಿಸಿಲ್ಲ!
ವಾಲ್ವು ತೆಗೆಸಿದೆ: ಬೆಳಿಗ್ಗೆ ಇಂಜಿನ್ನು ಕೆಮ್ಮಿತು,
ಏರಿಗೆ ಮತ್ತೆ ಕುದಿಯಿತು.
ರೇಡಿಯೇಟರು ಮೈಸೂರಿಗೆ ಹೋಯಿತು. ಬನ್ನಿಮಂಟಪದ ಹತ್ತಿರ
ಅದರ ನಾಳ ನಾಳಕ್ಕೂ ಕಡ್ಡಿ ತೂರಿಸಿ
ಹುಣಸೆ ರಸದ ಬಣ್ಣದ ಕೆಸರು ತೋರಿಸಿದರು.
ಅಬ್ಬಾ, ಸಿಕ್ಕಿತು ಅಂದುಕೊಂಡೆ. ಸಾವಿರದ ಎಂಟುನೂರು.
ಪಂಪು. ಬೆಲ್ಟು. ಹೊಸ ಕ್ಯಾಪು.
ಹೆಡ್ ಗ್ಯಾಸ್ಕೆಟ್ಟೇ ಹೋಗಿದೆ ಎಂದನೊಬ್ಬ;
ಹೋಗಿಲ್ಲ ಎಂಬುದು ಬಿಚ್ಚಿದ ಮೇಲೆ ತಿಳಿಯಿತು,
ಬಿಚ್ಚಿದ ಕೂಲಿ ಕೊಟ್ಟೆ.
ಮಂಡ್ಯದ ನೀರೇ ಗಡಸು ಎಂದನು ಇನ್ನೊಬ್ಬ.
ನಾನಂತೂ ಎಲ್ಲರನ್ನೂ ಬೈದೆ,
ವಿ.ಸಿ. ನಾಲೆಯನ್ನೂ ಬಿಡಲಿಲ್ಲ.

ಗುತ್ತಲು ರಸ್ತೆಯ ಮುನವ್ವರ್ ಮಾತ್ರ ಸ್ಪ್ಯಾನರು ಮುಟ್ಟದೆ ಕೇಳಿದ:
ಊರೊಳಗೆ ಕಾಯುತ್ತಾ? ಇಲ್ಲ.
ಇಳಿಜಾರಲ್ಲಿ? ಇಲ್ಲ.
ಕಾಲು ಒತ್ತಿ ಹಿಡಿದಾಗ? ಹೂಂ.
ನಿಲ್ಸಿ ಇಳಿದು ನೋಡಿದ್ರೆ ಎಲ್ಲ ಸರಿ?
ಎಲ್ಲ ಸರಿ.
‘ಹಂಗಾದ್ರೆ ನಿಲ್ಸಿ ನೋಡೋದೇ ತಪ್ಪು, ಜವರಣ್ಣ.’

ನಮ್ಮಿಬ್ಬರ ಸೀಟಿನ ನಡುವೆಯೇ ಇಂಜಿನ್ನಿನ ಗೂಡು.
ಮುಚ್ಚಳ ಎತ್ತಿ ಹಿಂದಕ್ಕೆ ಸರಿಸಿದ.
ಖಾಲಿ ಗಾಡಿ ಬೇಡ, ತಟ್ಟೆ ಕೊಪ್ಪರಿಗೆ ಇರಲಿ ಎಂದ.
ಟಾರ್ಚು ಹಲ್ಲಲ್ಲಿ ಕಚ್ಚಿ, ಬಾವಿಗೆ ಬಗ್ಗಿದವನಂತೆ
ದಾರಿಯುದ್ದಕ್ಕೂ ಬಿಸಿಯೊಳಗೆ ಮುಖವಿಟ್ಟ.
ಮೂರನೇ ತಿರುವು. ಮುಳ್ಳು ಎದ್ದಿತು.
ಕಚ್ಚಿದ ಟಾರ್ಚಿನ ಸಂದಿಯಿಂದ ‘ಊ, ಊ’ ಅಂದ.
ರಸ್ತೆ ಬಿಟ್ಟು ಒಂದು ಕ್ಷಣ ನಾನೂ ಬಗ್ಗಿದೆ:
ಕೆಳಗಿನ ಪೈಪು, ದಪ್ಪನೆಯ ಕರೀ ಪೈಪು
ಕೆಚ್ಚಲು ಚೀಪುವ ಕರುವಿನ ಕೆನ್ನೆಯ ಹಾಗೆ
ಒಳಕ್ಕೆ ಹೋಗಿ ಅಂಟಿಕೊಂಡಿತ್ತು.
ನೀರು ಬೇಕೆಂದು ಪಂಪು ಎಳೆಯುತ್ತಿದೆ,
ಎಳೆದಷ್ಟೂ ನೀರಿನ ದಾರಿ ಮುಚ್ಚುತ್ತಿದೆ.
ಕಾಲು ತೆಗೆದೆ. ಪೈಪು ಉಬ್ಬಿ ದುಂಡಗಾಯಿತು,
ಏನೂ ಗೊತ್ತಿಲ್ಲದ್ದರ ಹಾಗೆ.

‘ಇದ್ರೊಳ್ಗೆ ಒಂದು ಸ್ಪ್ರಿಂಗ್ ಇರ್ಬೇಕಿತ್ತು’ ಎಂದ ಮುನವ್ವರ್,
‘ಯಾವ ಪುಣ್ಯಾತ್ಮ ತೆಗ್ದವ್ನೋ.’

ನಾನು ಗೇರು ಬದಲಿಸಿದೆ.

ಎರಡು ವರ್ಷದ ಹಿಂದೆ, ಒಂದು ಭಾನುವಾರ,
ಕೂಲಿ ಉಳಿಸಲು ಮನೆ ಮುಂದೆ ನಾನೇ ಪೈಪು ಹಾಕಿದೆ.
ಹಳೆಯದರ ಹೊಟ್ಟೆಯಿಂದ ತಂತಿಯ ಸುರುಳಿಯೊಂದು ಜಾರಿತು.
ಹೊಸದರಲ್ಲಿ ಇರಲಿಲ್ಲ; ಬೇಡದ್ದೇ ಇರಬೇಕು ಅಂದುಕೊಂಡೆ.
ಪುಟ್ಟತಾಯಿ ತುಕ್ಕು ತಿಕ್ಕಿ, ಬೆಳ್ಳಿಬಣ್ಣ ಬಳಿದಳು.
ಅಂದಿನಿಂದ ಅದು ಬಚ್ಚಲ ಗೂಡಿನಲ್ಲಿ
ನಾಲ್ಕು ಬ್ರಷ್ಷು ಹಿಡಿದು ನೆಟ್ಟಗೆ ನಿಂತಿದೆ.

ಹೊಸ ಸ್ಪ್ರಿಂಗಿಗೆ ನೂರ ಎಂಬತ್ತು ಎಂದ.
ಹಾಕು ಎಂದೆ. ಚಿಲ್ಲರೆ ಕೇಳಲಿಲ್ಲ.
ಈಗ ಗೋಡೆ ಕಡೆ ತಿರುಗಿ ಹಲ್ಲುಜ್ಜುತ್ತೇನೆ.

ಮೂರನೇ ತಿರುವಿನಲ್ಲಿ ಪದ್ದಣ್ಣ ಇವತ್ತಿಗೂ
ರೂಢಿಯ ಮೇಲೆ ಬೆಚ್ಚಿ ಎದ್ದು
ಕತ್ತಲಲ್ಲಿ ಕಲ್ಲು ತಡಕುತ್ತಾನೆ;
ತಟ್ಟೆಗಳು ಗಲಗಲ ಅನ್ನುತ್ತ
ಅವನನ್ನು ಹೊತ್ತು ಮೇಲಕ್ಕೆ ಹೋಗುತ್ತವೆ.