ಹೂವೇಗೌಡರ ಕೋವಿ

ಮಾರಲು ಬಂದವರದೆಲ್ಲ ಒಂದೇ ಮಾತು:
'ಹೊಡೆದೇ ಇಲ್ಲ ಕಣೋ ಉಮ್ಮರಬ್ಬ,
ಆಯುಧಪೂಜೆಯ ಕುಂಕುಮ ಕಂಡಿದ್ದಷ್ಟೆ.'
ಕೋವಿಯ ಸೊಂಟ ಮುರಿದು, ಬಾಳುಪೇಟೆಯ ಬಿಸಿಲಿಗೆ ಹಿಡಿದು
ಒಂದು ಕಣ್ಣು ಮುಚ್ಚುತ್ತೇನೆ.
ನಳಿಗೆಯೊಳಗಿನ ಸಿಡುಬಿನ ಕಲೆ
ಉಳಿದದ್ದು ಹೇಳುತ್ತದೆ.

ಹೂವೇಗೌಡರದು ಮಾತ್ರ ಉಲ್ಟಾ.
'ಇಪ್ಪತ್ತೆರಡು ಹಂದಿ! ಒಂಟಿಸಲಗ ಕಣಕ್ಕೆ ನುಗ್ಗಿದ ರಾತ್ರಿ
ಎರಡೂ ನಳಿಗೆ ಒಟ್ಟಿಗೇ, ಗಾಳಿಗೆ.
ಭುಜ ಇನ್ನೂ ನೋಯುತ್ತೆ, ಮುಟ್ಟಿ ನೋಡು.'

ಮುಟ್ಟಿದ್ದು ಕೋವಿಯನ್ನು.
ಕೀಲು ಬಿಗಿ, ಅಲ್ಲಾಡಿಸಿದರೆ ಚಕಾರವಿಲ್ಲ.
ಸೂಜಿ ಇಣುಕುವ ತೂತಿನ ಸುತ್ತ ಒಂದು ಸುಟ್ಟ ಗುರುತಿಲ್ಲ.
ಬೆಳಕು ಉಂಗುರ ಉಂಗುರವಾಗಿ
ನಳಿಗೆಯ ತುದಿತನಕ ನಡೆದುಹೋಯಿತು,
ಎಲ್ಲೂ ಎಡವದೆ.

ಸವೆದದ್ದು ಒಂದೇ ಕಡೆ:
ಹೊತ್ತು ನಡೆವಾಗ ಅಂಗೈ ಕೂರುವಲ್ಲಿ
ನೀಲಿ ಹೋಗಿ ಬೆಳ್ಳಗಾಗಿದೆ.
ಮೂವತ್ತು ವರ್ಷ, ಭತ್ತ ಹಾಲುಗಟ್ಟುವ ಕಾಲಕ್ಕೆಲ್ಲ,
ಕತ್ತಲ ಬದುವಿನ ಮೇಲೆ ಬೆವರಿದ ಕೈ.

'ಗೌಡರೆ, ಇದು ಹೊಸದರ ಹಾಗೇ ಇದೆ. ಹದಿನೆಂಟು ಸಾವಿರ ಕೊಡ್ತೀನಿ.
ಅಷ್ಟೆಲ್ಲ ಹೊಡೆದದ್ದಾದರೆ, ಹನ್ನೊಂದು.'

ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಇಬ್ಬರು
ಲೋಟ ಕೆಳಗಿಟ್ಟರು.
ಗೌಡರು ಲೈಸೆನ್ಸ್ ಪುಸ್ತಕ ಬಿಚ್ಚಿದರು,
ಚುನಾವಣೆಗೊಮ್ಮೆ ಠಾಣೆಗೆ ಒಪ್ಪಿಸಿದ ಮೊಹರುಗಳ ಮೇಲೆ ಬೆರಳಾಡಿಸಿದರು,
ಮಡಚಿದರು.
ನನ್ನ ಮುಖ ನೋಡದೆ ಅಂದರು:
'ಹನ್ನೊಂದೇ ಬರಿ.'

ಬರೆದೆ.
ಗೂಟಕ್ಕೆ ತೂಗುಹಾಕಿ ನಾಲ್ಕು ತಿಂಗಳಾಯಿತು.
ಕೊಳ್ಳಲು ಬಂದವನು ಮೊದಲು ಕೇಳುವುದೇ ಅದನ್ನು:
'ಎಷ್ಟು ಹೊಡೆದದ್ದು, ಸಾಬರೆ?'
ನಾನು ಬಟ್ಟೆ ಹುಡುಕುತ್ತೇನೆ,
ಒರೆಸಿದ್ದನ್ನೇ ಒರೆಸುತ್ತೇನೆ.