ಎಡಗಡೆ ಹಿಂದಿನ ಚಕ್ರ

ತುಂಗೆಯ ದಂಡೆಯಿಂದ ಒಂದು ಮುಷ್ಟಿ ಕೆಸರು ತಂದೆ,
ಕೆಸರಿಗಿಂತ ಕೆಸರು ಬೇರೇನಿದೆ ಎಂದುಕೊಂಡು.
ಎರಡು ದಿನಕ್ಕೆ ಬೂದಿಬಣ್ಣಕ್ಕೆ ತಿರುಗಿ
ಹಪ್ಪಳದ ಹಾಗೆ ಎದ್ದು ಬಂತು.
ಅಂಗೈ ಉದ್ದದ ಬಸ್ಸಿನ ಪಕ್ಕ
ಅದರ ಒಂದೊಂದು ಹರಳೂ ಗುಂಡುಕಲ್ಲು.

ನಿಜದ ಮಣ್ಣು
ಸಣ್ಣದಾಗಲು ಒಪ್ಪುವುದಿಲ್ಲ.

ದುರ್ಗಿಗುಡಿಯಲ್ಲಿ ನನ್ನದು ಫೋಟೋ ಫ್ರೇಮಿನ ಅಂಗಡಿ.
ದೇವರು, ಮದುವೆ, ತೀರಿಕೊಂಡವರು,
ಎಲ್ಲರಿಗೂ ನಾಲ್ಕು ಪಟ್ಟಿ, ಒಂದು ಗಾಜು.
ಉಳಿದದ್ದು ನನ್ನದು: ಮರದ ಹೊಟ್ಟು, ಹಾರ್ಡ್‌ಬೋರ್ಡಿನ ತುಂಡು,
ತಳ ಕಂಡ ಫೆವಿಕಾಲ್ ಡಬ್ಬಿ.
ಕ್ಯಾಂಟೀನಿನ ತಿರುಕಪ್ಪ ಪುಕ್ಕಟೆ ಕೊಟ್ಟದ್ದು ಚಹಾದ ಚರಟ.

ಮೊದಲ ಸಲ ಚರಟವನ್ನು ಹಸಿಯಾಗೇ ಮೆತ್ತಿದೆ.
ವಾರದೊಳಗೆ ರಸ್ತೆಯ ತುಂಬ ಬಿಳಿ ಬೂಷ್ಟು,
ಬಸ್ಸಿನ ಕಿಟಕಿಯವರೆಗೆ.
ಎರಡನೆಯ ಸಲ ಮನೆಯ ರೊಟ್ಟಿ ಹೆಂಚಿನ ಮೇಲೆ ಹುರಿದೆ.
ಸುಮಿತ್ರೆ ಜಗಳವಾಡಲಿಲ್ಲ.
ಹೊಸ ಹೆಂಚು ತಂದಳು,
ಲೆಕ್ಕ ನನ್ನ ಹೆಸರಿಗೆ ಬರೆದಳು.

ಅಳತೆ ಕೇಳಿದರೆ ಹೇಳುತ್ತೇನೆ, ಗುಟ್ಟೇನಿಲ್ಲ:
ಚರಟ ಮೂರು ಚಮಚ, ಜರಡಿ ಹಿಡಿದ ಹೊಟ್ಟು ಎರಡು,
ಗೋಡೆಗೆ ಹಚ್ಚುವ ಪುಟ್ಟಿ ಒಂದು, ರೆಡ್ ಆಕ್ಸೈಡು ಚಿಟಿಕೆ.
ಚಿಟಿಕೆ ಹೆಚ್ಚಾದರೆ ಜಗಲಿಯಾಗುತ್ತದೆ, ರಸ್ತೆಯಾಗುವುದಿಲ್ಲ.
ಫೆವಿಕಾಲಿಗೆ ಅರ್ಧ ನೀರು.
ದೋಸೆಹಿಟ್ಟಲ್ಲ, ಇಡ್ಲಿಹಿಟ್ಟಿನ ಹದ.
ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕುಟ್ಟು, ಎಳೆಯಬೇಡ.
ಒಣಗುವ ಮುಂಚೆ ಚಕ್ರ ಉರುಳಿಸು.
ಕೊನೆಗೆ ಬಣ್ಣವಿಲ್ಲದ ನೈಲ್ ಪಾಲಿಷ್,
ತಗ್ಗಿನಲ್ಲಿ ಮಾತ್ರ. ಅದು ನಿಂತ ನೀರು.
ಮಗಳ ಡಬ್ಬಿಯದು. ಕೇಳಿರಲಿಲ್ಲ.
ಒಟ್ಟು ಖರ್ಚು ಮೂವತ್ತೆಂಟು ರೂಪಾಯಿ,
ಹೆಂಚು ಬಿಟ್ಟು.

ಬಸ್ಸು ಮಾಡಿಸಿದವರು ಹಾಲೇಶಪ್ಪ,
ಹೊಸನಗರದಾಚೆಯ ರೂಟಿನಲ್ಲಿ
ಇಪ್ಪತ್ತಾರು ವರ್ಷ ಸ್ಟೇರಿಂಗು ಹಿಡಿದವರು.
ಕನ್ನಡಕ ಹಣೆಗೇರಿಸಿ ಬಗ್ಗಿದರು.
ಕಣ್ಣು ಬಸ್ಸಿನ ಮೇಲಲ್ಲ, ನೆಲದ ಮೇಲೆ.
"ಬಸ್ಸು ಸರಿಯಿದೆ ನಾಗೋಜಿ.
ಕೆಸರು ಸುಳ್ಳು ಹೇಳ್ತಿದೆ."

ನನಗೆ ಸಿಟ್ಟು ಬಂತು. ಮೂರು ವಾರದ ಕೆಸರು.

ಅವರು ಬೆರಳು ತಾಗಿಸದೆ ತೋರಿಸಿದರು:
"ನಾಲ್ಕೂ ಕಡೆ ಸಮ ಹೂತಿದೆ. ಹಂಗೆ ಹೂಳಲ್ಲ.
ಜನ ಇಳಿಯೋದು ಎಡಕ್ಕೆ, ಅಂಚು ಮೆತ್ತಗಿರೋದು ಎಡಕ್ಕೆ.
ಎಡಗಡೆ ಹಿಂದಿನ ಚಕ್ರ ಮೊದಲು ಹೋಗುತ್ತೆ,
ಆಮೇಲೆ ಡ್ರೈವರ್ ಮರ್ಯಾದೆ.
ಚಕ್ರ ತಿರುಗಿದಷ್ಟೂ ಹಿಂದಕ್ಕೆ ಎರಚುತ್ತೆ.
ನಿಮ್ಮ ಬಸ್ಸಿನ ಬೆನ್ನು ನೋಡಿದ್ರೆ
ದಿಬ್ಬಣಕ್ಕೆ ಹೊರಟಂಗಿದೆ.
ಮತ್ತೆ, ತಳ್ಳಿದೋರೆಲ್ಲಿ?"

ಮನುಷ್ಯರನ್ನು ಮಾಡಲು ನನಗೆ ಬರುವುದಿಲ್ಲ ಎಂದೆ.
ಮಾಡಿದರೂ ಎಲ್ಲರೂ ನನ್ನ ಭಾವನ ಹಾಗೆ ಕಾಣುತ್ತಾರೆ.
"ಮನುಷ್ಯರು ಬೇಡ, ಕಾಲು ಸಾಕು"
ಎಂದು ಮೆಟ್ಟಿಲಿಳಿದರು.

ಆ ರಾತ್ರಿ ಬಿಸಿನೀರಿನ ಬಟ್ಟೆ ಹಾಕಿ ರಸ್ತೆಯನ್ನು ನೆನೆಸಿ
ಎಡಚಕ್ರವನ್ನು ಅಚ್ಚಿನವರೆಗೆ ಒತ್ತಿದೆ.
ಬೆಂಕಿಕಡ್ಡಿಯ ತುದಿಯನ್ನು ಪಾದದ ಆಕಾರಕ್ಕೆ ಕೆತ್ತಿ
ಬಸ್ಸಿನ ಹಿಂದೆ ಹನ್ನೊಂದು ಜನರ ಹೆಜ್ಜೆಯೂರಿದೆ,
ಬೆರಳ ಕಡೆ ಆಳ, ಹಿಮ್ಮಡಿ ತೇಲು.
ತಳ್ಳುವವನ ಭಾರವೆಲ್ಲ ಮುಂದಕ್ಕಲ್ಲವೆ.
ಬ್ರಷ್ಷನ್ನು ಹೆಬ್ಬೆರಳಿಂದ ಮೀಟಿ ಎರಚಿದ ಕೆಸರು
ಅರ್ಧ ಬಸ್ಸಿಗೆ ಬಿತ್ತು, ಅರ್ಧ
ಇನ್ನೂ ಗಾಜು ಕೂರಿಸದ ಯಾರದೋ ಗಣಪತಿಗೆ.

ಆದರೂ ಏನೋ ಕಮ್ಮಿ.
ಹರಿದ ಸೈಕಲ್ ಟ್ಯೂಬಿನಿಂದ
ಜೀರಿಗೆಗಿಂತ ಸಣ್ಣದೊಂದು ಚಪ್ಪಲಿ ಕತ್ತರಿಸಿ
ಕೆಸರಲ್ಲಿ ಅರ್ಧ ಹೂತೆ. ಒಂಟಿ.

ಹಾಲೇಶಪ್ಪ ಮತ್ತೆ ಬಂದರು.
ಚಕ್ರ ನೋಡಿ ತಲೆಯಾಡಿಸಿದರು.
ಹೆಜ್ಜೆ ಎಣಿಸಿದರು, ನಿಜವಾಗಿಯೂ ಎಣಿಸಿದರು.
ಚಪ್ಪಲಿಯ ಹತ್ತಿರ ನಿಂತರು.
ಚಹಾ ಬಂತು, ಆರಿತು, ಕೆನೆ ಕಟ್ಟಿತು.

"ಇದು ಆಮೇಲೆ ಸಿಕ್ತಾ ಅವಳಿಗೆ?" ಎಂದರು.

ಯಾರಿಗೆ ಎಂದು ನಾನು ಕೇಳಲಿಲ್ಲ.
ಅವರು ಕುಡಿಯದೆ ಬಿಟ್ಟ ಲೋಟದ ತಳದಲ್ಲಿ
ಚೂರು ಚರಟವಿತ್ತು.
ಎಂದಿನಂತೆ ಪೇಪರಿನ ಮೇಲೆ
ಒಣಗಲು ಹರವಿದೆ.